ಮುಳಬಾಗಿಲು ಮತ್ತು ಸುತ್ತಲಿನ ಕೆರೆಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಿಂದ ತಿರುಪತಿಗೆ ಹೊರಟವರಲ್ಲಿ ಬಹಳ ಮಂದಿ ಮುಳಬಾಗಿಲಿನಲ್ಲಿ ದೋಸೆ ತಿಂದು, ಆಂಜನೇಯನಿಗೆ ಕೈಮುಗಿದು ಮುಂದೆ ಸಾಗುತ್ತಾರೆ. ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ ಬಂದು ಒಂದು ಕೆರೆ ಏರಿಯ ಮೇಲೆ ನಿಲ್ಲುವವರು ಕಡಿಮೆ. ಈ ಊರು ಯಾಕೆ ಇಲ್ಲಿದೆ, ಇಷ್ಟು ಕಾಲ ಹೇಗೆ ಬದುಕಿತು ಎಂಬುದು ತಿಳಿಯುವುದು ಮಾತ್ರ ಆ ಏರಿಯ ಮೇಲೆಯೇ. ಹೊರಗಿನ ಸ್ನೇಹಿತರು, ಪ್ರವಾಸಿಗರು, ಇಲ್ಲಿ ಜಮೀನು ಕೊಳ್ಳಲು ಬರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನೀರಿನ ಮಾತು ಹೆಚ್ಚಾಗಿದ್ದರೆ, ನಮ್ಮಲ್ಲಿ ಉಳಿದೆಲ್ಲ ಮಾತು ಅಲ್ಲಿಗೇ ಬಂದು ಸೇರುತ್ತದೆ ಎಂಬುದೇ ಕಾರಣ.

ಮುಳಬಾಗಿಲು ಎಲ್ಲಿದೆ? ತಲುಪುವುದು ಹೇಗೆ?

ಕೋಲಾರ ಜಿಲ್ಲೆಯ ಪೂರ್ವದ ತಾಲ್ಲೂಕು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು ನೂರು ಕಿಲೋಮೀಟರ್, ಕೋಲಾರದಿಂದ ಸುಮಾರು ಮೂವತ್ತು. ಇನ್ನೂ ಪೂರ್ವಕ್ಕೆ ಹೋದರೆ ನಂಗಲಿ, ಅದರಾಚೆ ಆಂಧ್ರಪ್ರದೇಶ. ಊರಿಗೆ ರೈಲು ಇಲ್ಲ. ಬಸ್ಸುಗಳಿಗೆ ಕೊರತೆಯೂ ಇಲ್ಲ. ತಿರುಪತಿ, ಚಿತ್ತೂರು ಕಡೆಯ ಬಸ್ಸುಗಳೆಲ್ಲ ಈ ದಾರಿಯಲ್ಲೇ ಓಡಾಡುತ್ತವೆ.

ನದಿಯೇ ಇಲ್ಲದ ಕಡೆಯನ್ನು ಕೆರೆಸೀಮೆ ಎನ್ನುವುದೇಕೆ?

ನದಿ ಇಲ್ಲದ್ದಕ್ಕೇ ಇಷ್ಟೊಂದು ಕೆರೆಗಳು. ವರ್ಷವಿಡೀ ಹರಿಯುವ ಹೊಳೆ ಕೋಲಾರ ಜಿಲ್ಲೆಯಲ್ಲಿ ಒಂದೂ ಇಲ್ಲ. ನಂದಿ ಬೆಟ್ಟದ ಕಡೆ ಹುಟ್ಟುವ ಪಾಲಾರ್ ಜಿಲ್ಲೆಯನ್ನು ಹಾದು ಹೋಗುತ್ತದೆ. ಮಳೆ ಬಂದಾಗ ಮಾತ್ರ ಅದು ಹೊಳೆ, ಉಳಿದ ಕಾಲ ಮರಳು. ವರ್ಷದ ಸರಾಸರಿ ಮಳೆ 700ರಿಂದ 750 ಮಿಲಿಮೀಟರ್. ಅದೂ ಹದವಾಗಿ ಹಂಚಿಕೊಂಡು ಬೀಳುವುದಿಲ್ಲ, ಕೆಲವೇ ವಾರಗಳಲ್ಲಿ ಸುರಿದು ಹೋಗುತ್ತದೆ. ಆ ನೀರನ್ನು ಬಿದ್ದಲ್ಲೇ ತಡೆದು ನಿಲ್ಲಿಸದೆ ಇಲ್ಲಿ ಯಾರೂ ಬೇಸಾಯ ಮಾಡಲಾಗದು.

ಹಾಗಾಗಿ ಎಲ್ಲಿ ತಗ್ಗಿದೆಯೋ ಅಲ್ಲೆಲ್ಲ ಒಡ್ಡು ಹಾಕಿದರು. ಗಂಗರ, ನೊಳಂಬರ, ಚೋಳರ, ಹೊಯ್ಸಳರ, ವಿಜಯನಗರದವರ ಕಾಲದಲ್ಲೆಲ್ಲ ಈ ಕೆಲಸ ನಡೆದಿದೆ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲು ಅವಿಭಜಿತ ಕೋಲಾರದಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ಕರ್ನಾಟಕದಲ್ಲಿ ಅತಿ ಹೆಚ್ಚು ಕೆರೆಗಳಿದ್ದ ಜಿಲ್ಲೆಗಳಲ್ಲಿ ಇದೂ ಒಂದು.

ಇವು ಸ್ವಾಭಾವಿಕ ಸರೋವರಗಳೇ?

ಒಂದೂ ಅಲ್ಲ. ಎಲ್ಲವೂ ಜನ ಮಣ್ಣು ಹೊತ್ತು ಕಟ್ಟಿದವು.

ಒಂದು ಕೆರೆಗೂ ಇನ್ನೊಂದಕ್ಕೂ ಏನು ಸಂಬಂಧ?

ಇದನ್ನು ಅರ್ಥ ಮಾಡಿಕೊಂಡರೆ ಮಿಕ್ಕದ್ದೆಲ್ಲ ಸುಲಭ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಬರುತ್ತದೆ. ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ಒಂದೊಂದು ಹಳ್ಳದ ಉದ್ದಕ್ಕೂ ಹೀಗೆ ಸಾಲು ಸಾಲು ಕೆರೆಗಳು. ಮೇಲಿನ ಕೆರೆಯವರು ಕೋಡಿಯ ಮಟ್ಟವನ್ನು ಒಂದು ಅಡಿ ಎತ್ತರಿಸಿದರೆ ಕೆಳಗಿನವರಿಗೆ ಆ ವರ್ಷ ನೀರಿಲ್ಲ. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆಗಳೂ ಒಂದರ ಹಿಂದೆ ಒಂದು ಒಡೆಯುತ್ತವೆ.

ಈ ಲೆಕ್ಕ ರಾಜ್ಯಗಳ ನಡುವೆಯೂ ಇತ್ತು. ಮದ್ರಾಸ್ ಮತ್ತು ಮೈಸೂರು ಸರ್ಕಾರಗಳ ನಡುವೆ 1892ರಲ್ಲಿ ಆದ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್ ಕೂಡ ಸೇರಿದೆ. ಆ ಹೊಳೆಗಳ ಜಲಾನಯನದಲ್ಲಿ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ನೀರಾವರಿ ಕೆರೆ ಕಟ್ಟುವಂತಿರಲಿಲ್ಲ. ಹಾಗಾಗಿ ಇದ್ದ ಹಳೆಯ ಕೆರೆಗಳನ್ನು ಉಳಿಸಿಕೊಳ್ಳುವುದು ನಮ್ಮವರಿಗೆ ಇನ್ನಷ್ಟು ಮುಖ್ಯವಾಯಿತು.

ಏರಿಯ ಒಳಬದಿಯಲ್ಲಿ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಮಂಟಪವೇ?

ಅದು ತೂಬು. ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಯಿ. ಎರಡು ಎತ್ತರದ ಕಲ್ಲುಕಂಬಗಳ ನಡುವೆ ಅಡ್ಡಲಾಗಿ ಕಲ್ಲಿನ ಪಟ್ಟಿಗಳು, ಪ್ರತಿ ಪಟ್ಟಿಯ ನಡುವೆ ಒಂದು ತೂತು. ಆ ತೂತುಗಳ ಮೂಲಕ ಉದ್ದನೆಯ ಗಳು ಕೆಳಗಿಳಿದಿರುತ್ತದೆ. ಗಳುವಿನ ತುದಿಯಲ್ಲಿ ಬೆಣೆ, ಬೆಣೆಯ ಕೆಳಗೆ ಕಲ್ಲಿನ ತೊಟ್ಟಿಯ ಕಂಡಿ, ಅಲ್ಲಿಂದ ಏರಿಯ ಅಡಿಯಲ್ಲಿ ಆಚೆಗೆ ಹೋಗುವ ಕಾಲುವೆ. ಗಳು ಮೇಲೆತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಕೆರೆ ತುಂಬಿದಾಗ ಕಂಬಗಳ ತಲೆ ಮಾತ್ರ ಕಾಣುತ್ತದೆ. ನೀರು ಇಳಿದಂತೆ ಒಂದೊಂದೇ ಪಟ್ಟಿ ಹೊರಬರುತ್ತದೆ. ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ದಿನಕ್ಕೆ ಸಾಕು ಎಂದು ಹಿರಿಯರು ಆ ಪಟ್ಟಿಗಳನ್ನು ನೋಡಿಯೇ ಹೇಳುತ್ತಿದ್ದರು. ಈಗ ಬಹಳ ಕಡೆ ಕಬ್ಬಿಣದ ತಿರುಪಿನ ಗೇಟುಗಳು ಬಂದಿವೆ. ಹಳೆಯ ತೂಬು ಕಂಡರೆ ಹತ್ತಿರ ಹೋಗಿ ನೋಡಿ. ಕಂಬದ ಮೇಲೆ ಗಜಲಕ್ಷ್ಮಿ ಕೆತ್ತಿರುವುದುಂಟು.

ನೀರುಗಂಟಿ ಯಾರು? ಈಗಲೂ ಇದ್ದಾರೆಯೇ?

ತೂಬು ಎತ್ತುವ, ಇಳಿಸುವ, ಅಚ್ಚುಕಟ್ಟಿನ, ಅಂದರೆ ಆ ಕೆರೆಯ ನೀರು ಉಣ್ಣುವ ಜಮೀನಿನ, ಪ್ರತಿ ಗದ್ದೆಗೂ ಸರದಿಯಂತೆ ನೀರು ಹಾಯಿಸುವ ಕೆಲಸ ನೀರುಗಂಟಿಯದು. ರೈತ ತನ್ನ ಗದ್ದೆಗೆ ತಾನೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ರಾತ್ರಿ ಮಳೆ ಜೋರಾದರೆ ಲಾಟೀನು ಹಿಡಿದು ಏರಿಯ ಮೇಲೆ ನಡೆದು, ಇಲಿ ತೋಡಿದ ಬಿಲ, ಏಡಿ ಕೊರೆದ ತೂತು ಹುಡುಕಿ ಮುಚ್ಚುವವನೂ ಅವನೇ. ಕೂಲಿಯಾಗಿ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯದ ಪಾಲು ಸಿಗುತ್ತಿತ್ತು. ಕೆಲವು ಕಡೆ ಇನಾಮು ಜಮೀನೂ ಇತ್ತು.

ನೀರು ಕಡಿಮೆಯಾದ ವರ್ಷ ದಾಮಾಷಿ ಎಂಬ ಪದ್ಧತಿ ಇತ್ತು. ಇರುವ ನೀರಿಗೆ ಎಷ್ಟು ಜಮೀನು ನೆನೆಯುತ್ತದೆ ಎಂದು ಮೊದಲು ಲೆಕ್ಕ ಹಾಕುತ್ತಿದ್ದರು. ತೂಬಿಗೆ ಹತ್ತಿರದ ಅಷ್ಟು ಜಮೀನನ್ನು ಮಾತ್ರ ಆ ವರ್ಷ ಬೆಳೆಗೆ ಇಟ್ಟು, ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಗೆ ತಕ್ಕಂತೆ ಅದರಲ್ಲೇ ಪಾಲು ಹಾಕುತ್ತಿದ್ದರು. ತೂಬಿನ ಬಳಿ ಜಮೀನಿದ್ದವನು ಆ ವರ್ಷ ತನ್ನ ನೆಲವನ್ನು ನೆರೆಯವನಿಗೆ ಬಿಟ್ಟುಕೊಡಬೇಕಿತ್ತು. ಇಷ್ಟು ನ್ಯಾಯವಾದ ಹಂಚಿಕೆ ಇವತ್ತಿನ ಯಾವ ಯೋಜನೆಯಲ್ಲಿದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತ ಕುಟುಂಬದವರು. ಊರಿನ ನೀರೆಲ್ಲ ಅವರ ಕೈಯಲ್ಲಿತ್ತು, ಊರ ಬಾವಿಗೆ ಮಾತ್ರ ಅವರಿಗೆ ಪ್ರವೇಶ ಇರಲಿಲ್ಲ. ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನು ಬಿಟ್ಟು ಹೊಗಳಬಾರದು. ಇಂದು ಕೆಲವು ಹಳ್ಳಿಗಳಲ್ಲಿ ಆ ಕೆಲಸ ಬಲ್ಲ ಹಿರಿಯರು ಇದ್ದಾರೆ. ಕೆರೆಯೇ ತುಂಬದ ಕಡೆ ಕೆಲಸವೂ ನಿಂತಿದೆ. ಕುಡಿಯುವ ನೀರಿನ ಕೊಳಾಯಿ ಬಿಡುವ ಪಂಚಾಯಿತಿ ನೌಕರನನ್ನೂ ಈಗ ನೀರುಗಂಟಿ ಎಂದೇ ಕರೆಯುತ್ತಾರೆ.

ಹಾಗಾದರೆ ಕೆರೆಗಳು ಬತ್ತಿದ್ದೇಕೆ?

ಮಳೆ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಬರಗಾಲ ನಮಗೆ ಹೊಸದಲ್ಲ. ಹೊಸದು ಬೇರೆ ಇದೆ. ಊರಿನವರ ಕೈಯಲ್ಲಿದ್ದ ಕೆರೆಗಳು ಇಲಾಖೆಯ ಕೈಗೆ ಹೋದವು. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರುವವು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿಗೆ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಕಾಲುವೆಯ ಹೂಳು ತೆಗೆಯುವುದು ನಿಂತಿತು. ಅದೇ ಹೊತ್ತಿಗೆ ಕೊಳವೆಬಾವಿ ಬಂತು. ತನ್ನ ಹೊಲದಲ್ಲೇ ನೀರು ಬರುವಾಗ ತೂಬಿನ ಸರದಿಗೆ ಯಾರು ಕಾಯುತ್ತಾರೆ? ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರಕ್ಕೆ ಇಳಿಯಿತು, ಆಮೇಲೆ ಸಾವಿರದ ಐನೂರಕ್ಕೆ.

ಮೇಲ್ಭಾಗದ ಗೋಮಾಳಗಳಲ್ಲಿ, ಬೀಳು ಹೊಲಗಳಲ್ಲಿ ನೀಲಗಿರಿ ಎದ್ದು ನಿಂತಿತು. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಅದು ಜಿಲ್ಲೆಯ ತುಂಬ ಹರಡಿ ಆಗಿತ್ತು. ಕೆರೆಯಂಗಳಕ್ಕೆ ಜಾಲಿ ನುಗ್ಗಿತು. ರಾಜಕಾಲುವೆ ಕೆಲವು ಕಡೆ ಹೊಲಕ್ಕೆ ಸೇರಿತು, ಕೆಲವು ಕಡೆ ಸೈಟಾಯಿತು. ನನ್ನ ಅಭಿಪ್ರಾಯದಲ್ಲಿ ಕೆರೆಗಳನ್ನು ಎಲ್ಲಕ್ಕಿಂತ ಹೆಚ್ಚು ಕೊಂದದ್ದು ಈ ಕೊನೆಯ ಕಾರಣ. ಮಳೆ ಬಂದರೂ ನೀರು ಬರುವ ದಾರಿಯೇ ಇಲ್ಲ.

ಹೂಳೆತ್ತಿದರೆ ಸಾಕಲ್ಲವೇ?

ಸಾಲದು. ಮೊದಲು ಕಾಲುವೆ ಬಿಡಿಸಬೇಕು, ಆಮೇಲೆ ಹೂಳು. ಕಾಲುವೆ ಮುಚ್ಚಿದ ಕೆರೆಯನ್ನು ಎಷ್ಟು ಆಳ ಮಾಡಿದರೂ ಅದು ಒಣ ಗುಂಡಿ. ಹೂಳೆತ್ತುವಾಗಲೂ ಹದ ಬೇಕು. ಮೇಲಿನ ಪದರದ ಗೋಡುಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ಹಿಂದೆ ಬೇಸಿಗೆಯಲ್ಲಿ ಗಾಡಿಗಟ್ಟಲೆ ಹೊಡೆಯುತ್ತಿದ್ದರು. ಆ ಕೆಲಸದಿಂದ ಕೆರೆಯೂ ಆಳವಾಗುತ್ತಿತ್ತು, ರಾಗಿಯೂ ಚೆನ್ನಾಗಿ ಬರುತ್ತಿತ್ತು. ಈಗ ಇಟ್ಟಿಗೆ ಗೂಡಿಗೆಂದೋ ರಸ್ತೆಗೆಂದೋ ಜೆಸಿಬಿ ಒಂದೇ ಕಡೆ ಇಪ್ಪತ್ತು ಅಡಿ ತೋಡುತ್ತದೆ, ಪಕ್ಕದಲ್ಲಿ ದಿಬ್ಬ ಹಾಗೇ ಉಳಿಯುತ್ತದೆ. ಏರಿಯ ಬುಡಕ್ಕೆ ಹತ್ತಿರ ತೋಡಿದರೆ ಏರಿಯೇ ಕುಸಿಯುತ್ತದೆ.

2021ರಲ್ಲಿ ಕೋಲಾರದ ಕೆರೆಗಳೆಲ್ಲ ಕೋಡಿ ಹರಿದವು ಎನ್ನುತ್ತಾರೆ. ನಿಜವೇ?

ಎಲ್ಲವೂ ಅಲ್ಲ, ಬಹಳಷ್ಟು. ಆ ವರ್ಷ ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ದಿನಗಟ್ಟಲೆ ಮಳೆ ಸುರಿಯಿತು. ಎಷ್ಟೋ ವರ್ಷ ಬಟಾಬಯಲಾಗಿದ್ದ ಕೆರೆಗಳು ತುಂಬಿ ಹರಿದವು. ಕೋಡಿ ಹರಿಯುವ ನೀರನ್ನೇ ಕಂಡಿರದ ಹುಡುಗರು ಬೈಕು ನಿಲ್ಲಿಸಿ ನೋಡುತ್ತ ನಿಂತಿದ್ದರು. ಹೆಂಗಸರು ಅರಿಶಿನ, ಕುಂಕುಮ, ಬಳೆ, ಹೂವು ತಂದು ಗಂಗಮ್ಮನಿಗೆ ಪೂಜೆ ಮಾಡಿದರು. ಹಲವು ಊರುಗಳಲ್ಲಿ ತೆಪ್ಪೋತ್ಸವ ನಡೆಯಿತು. ಅದೇ ಮಳೆಗೆ ಹೊಲದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಮಲಗಿ ಮೊಳಕೆಯೊಡೆಯಿತು. ನಮ್ಮಲ್ಲಿ ಕೆರೆ ತುಂಬುವ ಮಳೆ ಹೀಗೆಯೇ, ಸುಗ್ಗಿಯ ಹೊತ್ತಿಗೆ ಬರುತ್ತದೆ.

ಬೆಂಗಳೂರಿನ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಬಿಡುತ್ತಾರಂತೆ?

ಸಂಸ್ಕರಿಸಿ ಬಿಡುತ್ತಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆ, ಅಂದರೆ ಕೆ.ಸಿ. ವ್ಯಾಲಿ ಯೋಜನೆ ಅದು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಪಂಪ್ ಮಾಡಿ ಕಳುಹಿಸುವುದು ಗುರಿ. ಯೋಜನೆಯ ಮೊದಲ ಹಂತಕ್ಕೆ ಗೊತ್ತುಪಡಿಸಿದ್ದು 126 ಕೆರೆಗಳು. ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂದದ್ದು 2018ರ ಜೂನ್‌ನಲ್ಲಿ. ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ನೀಡಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು.

ಈ ನೀರನ್ನು ನೇರವಾಗಿ ಕುಡಿಯಲು, ಗದ್ದೆಗೆ ಹಾಯಿಸಲು ಅನುಮತಿ ಇಲ್ಲ. ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಬೇಕು, ಕೊಳವೆಬಾವಿ ಮರುಪೂರಣವಾಗಬೇಕು ಎಂಬುದು ಉದ್ದೇಶ. ಆ ಮಟ್ಟಿಗೆ ಫಲ ಸಿಕ್ಕಿದೆ. ಆ ಕೆರೆಗಳ ಸುತ್ತ ಬತ್ತಿದ್ದ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಇಲ್ಲಿನ ಹೋರಾಟಗಾರರು ಮೊದಲಿನಿಂದ ಕೇಳುತ್ತಿದ್ದಾರೆ. ಅವರ ಬೇಡಿಕೆ ನೂರಕ್ಕೆ ನೂರು ಸರಿ. ನೀರಿಲ್ಲದವರು ಸಿಕ್ಕ ನೀರಿಗೆ ಸುಮ್ಮನಿರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂಗಿದ ನೀರು ಕೊನೆಗೆ ಬರುವುದು ನಮ್ಮ ಕೊಳಾಯಿಗೇ.

ಎತ್ತಿನಹೊಳೆ ನೀರು?

ಸಕಲೇಶಪುರದ ಬಳಿ ಪಶ್ಚಿಮಘಟ್ಟದ ಹಳ್ಳಗಳ ನೀರನ್ನು ಎತ್ತಿ ಪೂರ್ವದ ಒಣ ಜಿಲ್ಲೆಗಳಿಗೆ ತರುವ ಯೋಜನೆ. ಕೊನೆಯ ತುದಿಯಲ್ಲಿ ನಾವಿದ್ದೇವೆ. ನೀರೆತ್ತುವ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ದಾರಿ ಬಹಳ ಉದ್ದವಿದೆ. ಕಾಲುವೆಯ ತುದಿಯಲ್ಲಿರುವವನಿಗೆ ಎಷ್ಟು ನೀರು ಬರುತ್ತದೆ ಎಂಬುದು ಇಲ್ಲಿನ ರೈತರಿಗೆ ಅನುಭವದಿಂದಲೇ ಗೊತ್ತು.

ಊರಿನಲ್ಲಿ ಯಾವ ನೀರು ಕುಡಿಯಬೇಕು?

ಶುದ್ಧ ನೀರಿನ ಘಟಕದ್ದು. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಕೀಲುನೋವು, ಮೂಳೆ ಬಾಗುವುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ನೆನಪಿಡಿ. ಅದಕ್ಕೇ ಬೆಳಿಗ್ಗೆ ಘಟಕಗಳ ಮುಂದೆ 20 ಲೀಟರಿನ ಕ್ಯಾನ್‌ಗಳ ಸಾಲು. ದ್ವಿಚಕ್ರ ವಾಹನದ ಮುಂದೆ ಒಂದು, ಹಿಂದೆ ಒಂದು ಕ್ಯಾನ್ ಇಟ್ಟುಕೊಂಡು ಹೋಗುವವರನ್ನು ಪ್ರತಿ ಹಳ್ಳಿಯಲ್ಲೂ ಕಾಣುತ್ತೀರಿ.

ಇಷ್ಟು ಒಣ ನೆಲದಲ್ಲಿ ಏನು ಬೆಳೆಯುತ್ತಾರೆ?

ಮಳೆಗೆ ರಾಗಿ, ನೆಲಗಡಲೆ, ಅವರೆ, ಹುರುಳಿ. ಕೊಳವೆಬಾವಿ ಇದ್ದವರು ಟೊಮೆಟೊ, ಹಿಪ್ಪುನೇರಳೆ, ತರಕಾರಿ. ಮಾವು ಇದ್ದರೂ ಅದರ ರಾಜಧಾನಿ ಪಕ್ಕದ ಶ್ರೀನಿವಾಸಪುರ. ಮನೆಯ ದಿನದ ಖರ್ಚು ನಡೆಯುವುದು ಹೈನಿನಿಂದ; ಬೆಳಿಗ್ಗೆ, ಸಂಜೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಲ್ಲದ ಊರಿಲ್ಲ.

ಟೊಮೆಟೊ ನೋಡಬೇಕಾದರೆ ಹೆದ್ದಾರಿ ಬದಿಯ ವಡ್ಡಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ. ಬಾಕ್ಸ್ ಲೆಕ್ಕದಲ್ಲಿ ಹರಾಜು. ಕೋಲಾರದಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ ಬೆಲೆ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿಯುವುದನ್ನೂ ಇಲ್ಲೇ ನೋಡುತ್ತೇವೆ. ಆ ಕೆಂಪು ರಾಶಿಯಲ್ಲಿ ಸಾವಿರ ಅಡಿ ಕೆಳಗಿನಿಂದ ಎತ್ತಿದ ನೀರೂ ಇದೆ.

ಮುಳಬಾಗಿಲು ದೋಸೆಯ ವಿಶೇಷವೇನು?

ದಪ್ಪ. ಅಗಲ ಕಡಿಮೆ. ತಳ ಕೆಂಪಗೆ ಗರಿಗರಿ, ಮೇಲ್ಭಾಗ ಮೆತ್ತಗೆ. ಒಳಗೆ ಖಾರದ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು, ತುಪ್ಪ ಹಾಕಿ ಕೊಡುತ್ತಾರೆ. ಬೆಂಗಳೂರಿನಲ್ಲೂ ಇದೇ ಹೆಸರಿನ ಬೋರ್ಡುಗಳಿವೆ. ಇಲ್ಲಿ, ಹೆಂಚಿನಿಂದ ಇಳಿದ ಕ್ಷಣದಲ್ಲಿ ತಿನ್ನಿ.

ನೋಡಲು ಏನೇನಿದೆ?

ಊರಿನ ಆಂಜನೇಯನನ್ನು ಕುರುಕ್ಷೇತ್ರ ಯುದ್ಧದ ನಂತರ ಅರ್ಜುನ ಪ್ರತಿಷ್ಠಾಪಿಸಿದ ಎಂಬುದು ಸ್ಥಳಪುರಾಣ. ಹೊರವಲಯದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ರಂಗವಿಠ್ಠಲ ಅಂಕಿತದ ಈ ಹದಿನೈದನೆಯ ಶತಮಾನದ ಯತಿ ವ್ಯಾಸರಾಯರ ಗುರು. ಕನ್ನಡದಲ್ಲಿ ದೇವರನಾಮ ಹಾಡುವ ಪರಂಪರೆಗೆ ಬಲ ತಂದವರು. ಹೈದರ್ ವಲಿ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು ಇದು.

ಕುರುಡುಮಲೆ ಹತ್ತು ಕಿಲೋಮೀಟರ್ ದೂರ. ಅಲ್ಲಿನ ಏಕಶಿಲೆಯ ಗಣಪತಿಯ ಎತ್ತರ ಹದಿಮೂರು ಅಡಿಗೂ ಹೆಚ್ಚು. ಹೆಚ್ಚಿನವರು ಗಣಪತಿಯನ್ನು ನೋಡಿ ಹಿಂದಿರುಗುತ್ತಾರೆ. ಅದೇ ಊರಿನ ಸೋಮೇಶ್ವರ ದೇವಾಲಯವನ್ನು ಬಿಡಬೇಡಿ. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ, ಬೆಟ್ಟದ ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಶಿವರಾತ್ರಿಯ ಹೊತ್ತಿನ ಆವಣಿ ಜಾತ್ರೆ ದನಗಳಿಗೆ ಹೆಸರುವಾಸಿ. ನಂಗಲಿಯ ಹೆಸರು ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನ ರಾಜ್ಯದ ಪೂರ್ವದ ಗಡಿಯಾಗಿ ಬರುತ್ತದೆ. ಇಂದಿಗೂ ಗಡಿ ಅಲ್ಲೇ ಇದೆ.

ಬೆಟ್ಟದ ಮೇಲಿನ ಕೋಟೆಯಲ್ಲಿ ಯುದ್ಧ ನಡೆದಿತ್ತೇ?

ನಡೆದಿತ್ತು. ಮೊದಲ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್ 4ರಂದು, ಹೈದರಾಲಿಯ ಸೇನೆಗೂ ಕರ್ನಲ್ ವುಡ್‌ನ ಇಂಗ್ಲಿಷ್ ಪಡೆಗೂ ಇಲ್ಲಿನ ಬಂಡೆಗಳ ನಡುವೆ ಕಾದಾಟವಾಯಿತು. ಇಂಗ್ಲಿಷರು ಸೋಲುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬಾತ ಕೆಲವೇ ಸೈನಿಕರೊಂದಿಗೆ ಬಂಡೆ ಹತ್ತಿ ಫಿರಂಗಿ ಹಾರಿಸಿ ‘ಸ್ಮಿತ್, ಸ್ಮಿತ್’ ಎಂದು ಕೂಗಿಸಿದ. ಸೇನಾಪತಿ ಸ್ಮಿತ್‌ನ ದೊಡ್ಡ ಪಡೆ ಬಂದಿತೆಂದು ಎರಡೂ ಕಡೆಯವರು ನಂಬಿದರು, ಅಷ್ಟರಲ್ಲಿ ವುಡ್‌ನ ಪಡೆ ಚೇತರಿಸಿಕೊಂಡಿತು. ಕೋಟೆ ಮಾತ್ರ ಹೈದರನ ಕೈಯಲ್ಲೇ ಉಳಿಯಿತು.

ಕನ್ನಡ ಮಾತನಾಡಿದರೆ ತಿಳಿಯುತ್ತದೆಯೇ?

ಖಂಡಿತ. ಮನೆಯಲ್ಲಿ ತೆಲುಗು ಆಡುವವರು ಬಹಳ, ಉರ್ದು, ತಮಿಳು ಆಡುವವರೂ ಇದ್ದಾರೆ. ಸಂತೆಯಲ್ಲಿ ಒಂದೇ ವ್ಯವಹಾರ ಮೂರು ಭಾಷೆಯಲ್ಲಿ ಮುಗಿಯುತ್ತದೆ. ಶಾಲೆ, ಕಚೇರಿ, ಪತ್ರಿಕೆ ಎಲ್ಲ ಕನ್ನಡ.

ಯಾವ ತಿಂಗಳು ಬರಬೇಕು?

ನವೆಂಬರಿನಿಂದ ಜನವರಿ. ಮಳೆ ಚೆನ್ನಾಗಿ ಆಗಿದ್ದರೆ ಕೆರೆಗಳಲ್ಲಿ ನೀರಿರುತ್ತದೆ, ನೀರುಕಾಗೆ, ಕೊಕ್ಕರೆಗಳು ಇಳಿದಿರುತ್ತವೆ, ಊರೂರಲ್ಲಿ ಅವರೆಕಾಯಿಯ ಘಮ ಇರುತ್ತದೆ.

ಕೆರೆಯಲ್ಲಿ ಈಜಬಹುದೇ?

ದಯವಿಟ್ಟು ಬೇಡ. ಮಣ್ಣು ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಬೀಳುತ್ತೀರಿ, ಕೆಸರು ಕಾಲು ಬಿಡುವುದಿಲ್ಲ. ಕೆರೆ ತುಂಬಿದ ವರ್ಷಗಳಲ್ಲಿ ಮಕ್ಕಳು ಹೀಗೆಯೇ ಪ್ರಾಣ ಕಳೆದುಕೊಳ್ಳುತ್ತಾರೆ. ಕೋಡಿಯ ಕಲ್ಲುಗಳ ಮೇಲೂ ನಿಲ್ಲಬೇಡಿ, ಪಾಚಿ ಕಟ್ಟಿರುತ್ತದೆ.

ಇಲ್ಲಿ ಸೈಟು ಅಥವಾ ಜಮೀನು ಕೊಳ್ಳಬೇಕೆಂದಿದ್ದೇನೆ. ಏನು ನೋಡಬೇಕು?

ಪಹಣಿ, ಋಣಭಾರ ಪತ್ರ ನೋಡುವ ಮೊದಲು ಗ್ರಾಮನಕ್ಷೆ ತೆಗೆಸಿ. ಅದರಲ್ಲಿ ಕೆರೆಯಂಗಳ, ರಾಜಕಾಲುವೆ, ಕುಂಟೆ, ಗೋಮಾಳ ಎಲ್ಲಿದೆ ಎಂದು ಗುರುತಿಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಿಡಿದು ಜಾಗದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಕೆರೆಯಲ್ಲಿ ಹತ್ತಾರು ವರ್ಷದಿಂದ ನೀರಿಲ್ಲ, ಕಾಲುವೆ ಹೆಸರಿಗಷ್ಟೇ ಎಂದು ಮಾರುವವರು ಹೇಳಿದರೆ 2021ರ ನವೆಂಬರಿನಲ್ಲಿ ಆ ಜಾಗದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದ ಹೊಲದವರನ್ನು ಕೇಳಿ. ಅವರು ಕೈತೋರಿಸಿ ಹೇಳುತ್ತಾರೆ. ಆ ಗುರುತಿನ ಒಳಗಿದ್ದರೆ ಮುಂಗಡ ಕೊಡಬೇಡಿ.